ದೋಣಿಗಟ್ಟೆಯೂ ರಾಜಮಾರ್ಗವೇ

ಮಂಗಳೂರಿನ ನೇತ್ರಾವತಿ ಮತ್ತು ಗುರುಪುರ ನದಿಗಳಲ್ಲಿ ಕೊಚ್ಚಿಯ ಮಾದರಿಯನ್ನನುಸರಿಸಿ ಪ್ರಯಾಣಿಕರ ದೋಣಿಸಂಚಾರವನ್ನು ಏರ್ಪಡಿಸುವೆವೆಂದು ರಾಜ್ಯ ಸರ್ಕಾರದವರು 2024ರ ಫೆಬ್ರವರಿಯಲ್ಲಿ ಮಂಡಿಸಿದ ಆಯವ್ಯಯದಲ್ಲಿ ಸಾರಿದರು. ಈ ಏರ್ಪಾಡಿಗೆ ‘ವಾಟರ್ ಮೆಟ್ರೋ’ ಎಂದು ಹೆಸರಿಟ್ಟಿದ್ದಾರೆ. ಕಾರ್ಯಭಾರವು ಕರ್ನಾಟಕ ಜಲಸಾರಿಗೆ ಮಂಡಳಿಯವರ ಪಾಲಿಗೆ ಬಂದಿದೆ. ಬಜಾಲಿನಿಂದ ಮರವೂರಿನವರೆಗೆ ಸುಮಾರು 30 ಕಿಲೋಮೀಟರುಗಳ ಜಲಮಾರ್ಗ, ಅದರ ಉದ್ದಕ್ಕೂ ಸುಮಾರು 17 ನಿಲ್ದಾಣಗಳು, ಇವು ಮೊದಲನೆಯ ಹಂತದ ಆಲೋಚನೆಯೆಂದು ತರುವಾಯ ಪ್ರಕಟವಾಯಿತು. ಕಡಲು ಕಾಣದ ನಂಜನಗೂಡು, ತಿರುಮಕೂಡಲು ನರಸೀಪುರಗಳ ಮಹಾಜನರಿಗೆ ಮಂಗಳೂರಿನ ದೋಣಿಗಳ ಗೊಡವೆ ಏತಕ್ಕೆಂದು ಯಾರಾದರೂ ಕೇಳಿದರೆ, ನಮ್ಮ ಉತ್ತರವು ಇಷ್ಟೇ. ಜನರನ್ನು ನೀರು ದಾಟಿಸುವ ಕೆಲಸವು ಸರ್ಕಾರದ ಕರ್ತವ್ಯವೋ, ಇಲ್ಲವೆ ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಳ್ಳತಕ್ಕ ವ್ಯಾಪಾರವೋ ಎಂಬ ಪ್ರಶ್ನೆಯು ಅಲ್ಲಿ ಹೇಗೆ ತೀರ್ಮಾನವಾಗುವುದೋ, ನಾಳೆ ಕಪಿಲೆಯ ದಡದಲ್ಲಿಯೂ ಕಾವೇರಿಯ ದಡದಲ್ಲಿಯೂ ಹಾಗೆಯೇ ತೀರ್ಮಾನವಾಗುವುದು. ಆದುದರಿಂದ ಈ ವಿಷಯವನ್ನು ಆರಂಭದಲ್ಲಿಯೇ ವಿಚಾರಮಾಡುವುದು ಯುಕ್ತವಾಗಿದೆ.

ಮೊದಲು ಕಾನೂನಿನ ಮಾತು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯಗಳ ಅಧಿಕಾರಕ್ಕೆ ಬಿಟ್ಟ ವಿಷಯಗಳ ಪಟ್ಟಿಯಿದೆಯಷ್ಟೆ. ಅದರ 13ನೆಯ ನಮೂದಿನಲ್ಲಿ ರಸ್ತೆ, ಸೇತುವೆ, ದೋಣಿಗಡವು ಈ ಮೂರೂ ಒಂದೇ ಸಾಲಿನಲ್ಲಿ, ಒಂದೇ ಪಂಕ್ತಿಯಲ್ಲಿ ಕುಳಿತಿವೆ. 1992ರ 73ನೆಯ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೇಳುತ್ತದೆ. ಅಲ್ಲಿಯೂ 13ನೆಯದು ರಸ್ತೆ, ಮೋರಿ, ಸೇತುವೆ, ದೋಣಿಗಡವು, ಜಲಮಾರ್ಗಗಳೇ ಆಗಿವೆ. ಸಂವಿಧಾನವನ್ನು ರಚಿಸಿದ ಪ್ರಾಜ್ಞರು ದೋಣಿಗಡವನ್ನು ವಿಹಾರದ ಸಾಮಗ್ರಿಯೆಂದು ಎಣಿಸಲಿಲ್ಲ. ನೆಲದ ಮೇಲೆ ರಸ್ತೆ ಹೇಗೋ ನೀರಿನ ಮೇಲೆ ದೋಣಿಗಡವು ಹಾಗೆ ಎಂಬುದೇ ಅವರ ಭಾವನೆ. ಹೀಗಿದ್ದೂ ನಮ್ಮ ಆಡಳಿತದ ವಾಡಿಕೆಯಲ್ಲಿ ರಸ್ತೆಗೆ ಒಂದು ನ್ಯಾಯ, ದೋಣಿಗೆ ಇನ್ನೊಂದು ನ್ಯಾಯವಾಗಿದೆ. ರಸ್ತೆ ಕೆಟ್ಟರೆ ಜನರು ಇಂಜಿನಿಯರನ್ನು ಕೇಳುತ್ತಾರೆ. ದೋಣಿ ಮುಳುಗಿದರೆ ಅಂಬಿಗನನ್ನು ಹಿಡಿಯುತ್ತಾರೆ. ರಸ್ತೆಗೆ ವರ್ಷವರ್ಷವೂ ದುರಸ್ತಿಯ ಹಣವುಂಟು. ದೋಣಿಗಟ್ಟೆಯ ಮೆಟ್ಟಿಲು ಕುಸಿದರೆ ಅದು ಯಾವ ಇಲಾಖೆಗೆ ಸೇರಿದುದೆಂಬ ಚರ್ಚೆಯಲ್ಲಿಯೇ ಮಳೆಗಾಲ ಬಂದುಬಿಡುತ್ತದೆ.

ಮಂಗಳೂರಿನಲ್ಲಿ ಈಗ ಇರುವ ಸ್ಥಿತಿಯನ್ನು ನೋಡೋಣ. ನೇತ್ರಾವತಿಯೂ, ಫಲ್ಗುಣಿಯೆಂಬ ನಾಮಾಂತರವುಳ್ಳ ಗುರುಪುರ ನದಿಯೂ ಕಡಲನ್ನು ಸೇರುವ ಅಳಿವೆಯ ಬಳಿಯಲ್ಲಿ ಬೆಂಗರೆಯೆಂಬ ಉದ್ದವಾದ ಮರಳದಿಣ್ಣೆಯಿದೆ. ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ನದಿ. ನದಿಯ ಆಚೆಗೆ ಹಳೆಯ ಬಂದರು, ಪೇಟೆ, ಶಾಲೆ, ಆಸ್ಪತ್ರೆ, ಕಚೇರಿ ಎಲ್ಲವೂ ಕಣ್ಣೆದುರಿಗೇ ಕಾಣುತ್ತವೆ. ನೆಲದ ಮೇಲೆ ಹೋಗಬೇಕಾದರೆ ತಣ್ಣೀರುಬಾವಿಯ ಮಾರ್ಗವಾಗಿ ಕೂಳೂರಿನ ಸೇತುವೆಯವರೆಗೂ ನಡೆದು ಸುತ್ತಿ ಬರಬೇಕು. ದೋಣಿಯಲ್ಲಿಯಾದರೆ ಕೆಲವು ನಿಮಿಷಗಳ ಹಾದಿ. ಅಲ್ಲಿನ ಬೆಸ್ತರು, ಮೀನು ಮಾರುವ ಹೆಂಗಸರು, ಬಂದರಿನ ಕೂಲಿಗಾರರು, ಪುಸ್ತಕದ ಚೀಲ ಹೊತ್ತ ಮಕ್ಕಳು ಇವರೆಲ್ಲರೂ ದಿನದಿನವೂ ಹೊಳೆ ದಾಟಿಯೇ ಬದುಕತಕ್ಕವರು. 1784ರಲ್ಲಿ ಟಿಪ್ಪು ಸುಲ್ತಾನನು ಕಾವಲಿಗಾಗಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಬುರುಜಿನ ಬಳಿಯಿಂದಲೂ ಆಚೆಯ ದಡಕ್ಕೆ ದೋಣಿಗಳು ಹೋಗುತ್ತವೆ. ಅಲ್ಲಿ ರಜಾ ದಿವಸಗಳಲ್ಲಿ ಕಡಲತೀರವನ್ನು ನೋಡಬಂದವರೇ ಹೆಚ್ಚು.

ನಮ್ಮ ಪ್ರಶ್ನೆಯು ಇಲ್ಲಿಂದಲೇ ಹುಟ್ಟುತ್ತದೆ. ಹೊಸ ಏರ್ಪಾಡಿನಲ್ಲಿ ಮೊದಲ ಗೌರವವು ಯಾರಿಗೆ ಸಲ್ಲತಕ್ಕದ್ದು? ವರ್ಷಕ್ಕೊಮ್ಮೆ ಬಂದು ಗಾಜಿನ ಕಟ್ಟಡದ ಮುಂದೆ ಚಿತ್ರ ತೆಗೆಸಿಕೊಂಡು ಹೋಗುವ ವಿಹಾರಿಗೋ, ಅಥವಾ ವರ್ಷದ ಮುನ್ನೂರು ದಿವಸ ಬೆಳಗ್ಗೆ ಆಚೆಗೆ, ಸಂಜೆ ಈಚೆಗೆ ದಾಟುವ ಬೆಂಗರೆಯ ನಿವಾಸಿಗೋ? ಇಬ್ಬರಿಗೂ ಸ್ಥಳವುಂಟೆಂದು ಅಧಿಕಾರಿಗಳು ಹೇಳಬಹುದು. ಆದರೆ ದರವನ್ನು ಗೊತ್ತುಮಾಡುವಾಗ, ದೋಣಿ ಹೊರಡುವ ವೇಳೆಯನ್ನು ಬರೆಯುವಾಗ, ನಿಲ್ದಾಣವನ್ನು ಎಲ್ಲಿ ಕಟ್ಟಬೇಕೆಂದು ಗೆರೆ ಎಳೆಯುವಾಗ ಇಬ್ಬರ ಹಿತವೂ ಒಂದೇ ಆಗಿರುವುದಿಲ್ಲ. ಆಗ ಯಾರ ಕಡೆಗೆ ತಕ್ಕಡಿ ವಾಲುವುದೆಂಬುದೇ ಯೋಜನೆಯ ನಿಜವಾದ ಪರೀಕ್ಷೆ.

ಕೊಚ್ಚಿಯ ನಿದರ್ಶನವನ್ನು ಎಲ್ಲರೂ ಎತ್ತಿ ಹೇಳುತ್ತಿರುವುದರಿಂದ ಅದನ್ನು ಪಕ್ಷಪಾತವಿಲ್ಲದೆ ಪರಿಶೀಲಿಸಬೇಕು. ಅಲ್ಲಿನ ದೋಣಿಸಂಚಾರವು 2023ರ ಏಪ್ರಿಲ್ 25ರಂದು ಉದ್ಘಾಟನೆಯಾಗಿ, ಎರ್ನಾಕುಳದ ಹೈಕೋರ್ಟಿನ ಬಳಿಯ ನಿಲ್ದಾಣದಿಂದ ವೈಪಿನ್ ದ್ವೀಪಕ್ಕೆ ಮೊದಲು ಆರಂಭವಾಯಿತು. ಒಟ್ಟು 10 ದ್ವೀಪಗಳನ್ನು ಸೇರಿಸಿ, 38 ನಿಲ್ದಾಣಗಳನ್ನು ಕಟ್ಟಿ, 78 ದೋಣಿಗಳನ್ನು ಓಡಿಸಬೇಕೆಂಬುದು ಸಂಕಲ್ಪ. ವೆಚ್ಚದ ಅಂದಾಜು ಸುಮಾರು 1,137 ಕೋಟಿ ರೂಪಾಯಿ. ಇದರಲ್ಲಿ ಬಹುಭಾಗ ಜರ್ಮನಿಯ ಬ್ಯಾಂಕೊಂದರ ಸಾಲ. ಆದರೆ ದೋಣಿಗಳು ಮಾತ್ರ ಕೊಚ್ಚಿಯ ಹಡಗುಕಟ್ಟೆಯಲ್ಲಿಯೇ, ನಮ್ಮ ದೇಶದ ಕುಶಲಿಗಳ ಕೈಯಿಂದಲೇ ತಯಾರಾದುವು ಎಂಬುದು ಹೆಮ್ಮೆಪಡತಕ್ಕ ಸಂಗತಿ. ವಿದ್ಯುತ್ತಿನಿಂದ ಓಡುವ ದೊಡ್ಡ ದೋಣಿಯೊಂದರಲ್ಲಿ 100 ಮಂದಿಗೆ ಸ್ಥಳವುಂಟು. ಆರಂಭವಾದ ಸುಮಾರು ಆರು ತಿಂಗಳೊಳಗಾಗಿ 10 ಲಕ್ಷ ಪ್ರಯಾಣಗಳು ನಡೆದುವು.

ಈ ಯಶಸ್ಸಿನ ಗುಟ್ಟು ಕಟ್ಟಡದ ಅಂದದಲ್ಲಿಲ್ಲ. ಎರಡು ಸಣ್ಣ ಏರ್ಪಾಡುಗಳಲ್ಲಿದೆ. ಮೊದಲನೆಯದು ತೇಲುವ ಕಟ್ಟೆ. ಭರತ ಬಂದಾಗ ನೀರು ಏರುತ್ತದೆ, ಇಳಿತದಲ್ಲಿ ತಗ್ಗುತ್ತದೆ. ಸ್ಥಿರವಾದ ಕಲ್ಲುಮೆಟ್ಟಿಲಿನಿಂದ ದೋಣಿಗೆ ಕಾಲಿಡುವವನು ಒಮ್ಮೆ ಹಾರಬೇಕು, ಒಮ್ಮೆ ಜಾರಬೇಕು. ಕಟ್ಟೆಯೂ ನೀರಿನೊಡನೆ ಏರಿ ಇಳಿಯುವಂತಿದ್ದರೆ ದೋಣಿಯ ನೆಲವೂ ಕಟ್ಟೆಯ ನೆಲವೂ ಯಾವಾಗಲೂ ಒಂದೇ ಮಟ್ಟದಲ್ಲಿರುತ್ತವೆ. ಮುದುಕಿಯೂ, ಗರ್ಭಿಣಿಯೂ, ಗಾಲಿಕುರ್ಚಿಯಲ್ಲಿ ಕುಳಿತವನೂ ಯಾರ ಕೈಯನ್ನೂ ಹಿಡಿಯದೆ ದೋಣಿಯನ್ನು ಸೇರಬಹುದು. ಎರಡನೆಯದು ತಲೆಯೆಣಿಕೆ. ಟಿಕೀಟಿನ ಬಾಗಿಲನ್ನು ದಾಟಿದವರ ಲೆಕ್ಕವಿರುವುದರಿಂದ ದೋಣಿಯ ಮಿತಿ ತುಂಬಿದ ಕೂಡಲೆ ಉಳಿದವರು ಮುಂದಿನ ದೋಣಿಗೆ ನಿಲ್ಲಲೇಬೇಕಾಗುತ್ತದೆ. ಅಂಬಿಗನ ದಾಕ್ಷಿಣ್ಯಕ್ಕೂ ಪ್ರಯಾಣಿಕನ ಆತುರಕ್ಕೂ ಅಲ್ಲಿ ಅವಕಾಶವಿಲ್ಲ.

ಈ ತಲೆಯೆಣಿಕೆಯ ಬೆಲೆಯನ್ನು ಕೇರಳದವರು ಪ್ರಾಣಗಳನ್ನು ತೆತ್ತು ಕಲಿತರು. 2002ರ ಜುಲೈ 27ರಂದು ಮುಹಮ್ಮದಿಂದ ಕುಮರಕಂಗೆ ಹೊರಟ ದೋಣಿ ವೇಂಬನಾಡು ಸರೋವರದಲ್ಲಿ ಮುಳುಗಿ 29 ಮಂದಿ ಮಡಿದರು; ಅವರಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗಾಗಿ ಹೊರಟ ತರುಣರಿದ್ದರು. ದೋಣಿ ಸರ್ಕಾರದ ಜಲಸಾರಿಗೆ ಇಲಾಖೆಗೆ ಸೇರಿದುದು. ಅದರಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. 2015ರ ಆಗಸ್ಟ್ 26ರಂದು ಫೋರ್ಟ್ ಕೊಚ್ಚಿಯ ದಡದ ಸಮೀಪದಲ್ಲಿಯೇ ಮೀನುಗಾರರ ದೋಣಿಯೊಂದು ಬಡಿದು ಪ್ರಯಾಣಿಕರ ದೋಣಿ ಒಡೆದು 11 ಮಂದಿ ತೀರಿಕೊಂಡರು. ಅದು ನಗರಸಭೆಯ ಪರವಾಗಿ ಗುತ್ತಿಗೆದಾರರು ನಡೆಸುತ್ತಿದ್ದ ದೋಣಿ. ಒಂದು ಸರ್ಕಾರದ್ದು, ಇನ್ನೊಂದು ಗುತ್ತಿಗೆಯದು. ಆದಕಾರಣ ದೋಣಿ ಯಾರ ಹೆಸರಿನಲ್ಲಿದೆಯೆಂಬುದರಿಂದ ಪ್ರಯಾಣಿಕನ ಪ್ರಾಣ ಉಳಿಯುವುದಿಲ್ಲ. ದಿನದಿನವೂ ಪರೀಕ್ಷಿಸುವ ಕಣ್ಣು ಇದ್ದರೆ ಮಾತ್ರ ಉಳಿಯುತ್ತದೆ.

ಕೊಚ್ಚಿಯ ಏರ್ಪಾಡಿನಲ್ಲಿ ಕೊರತೆಗಳೂ ಇಲ್ಲದಿಲ್ಲ. ಎರಡು ವರ್ಷಗಳು ತುಂಬಿದ 2025ರ ಏಪ್ರಿಲ್ ವೇಳೆಗೆ 38 ನಿಲ್ದಾಣಗಳಲ್ಲಿ ಸುಮಾರು ಹತ್ತು ಮಾತ್ರ ತೆರೆದಿದ್ದುವು. ದೋಣಿಗಳು ಸಕಾಲಕ್ಕೆ ಕೈಸೇರದುದು ಇದಕ್ಕೆ ಒಂದು ಕಾರಣ. ದರವು 20 ರೂಪಾಯಿಯಿಂದ ಆರಂಭವಾಯಿತು. ಕೇರಳದ ಜಲಸಾರಿಗೆ ಇಲಾಖೆಯ ಹಳೆಯ ದೋಣಿಗಳ ದರ ಇದಕ್ಕಿಂತ ಬಹಳ ಕಡಮೆ. ಅಲ್ಲಿನವರು ಒಂದು ವಿವೇಕವನ್ನು ತೋರಿಸಿದರು. ಹೊಸದು ಬಂದಿತೆಂದು ಹಳೆಯ ದೋಣಿಗಳನ್ನು ನಿಲ್ಲಿಸಲಿಲ್ಲ. ತಂಪು ಗಾಳಿಯ ದೋಣಿಯಲ್ಲಿ ಹೋಗಬಲ್ಲವನು ಅದರಲ್ಲಿ ಹೋದನು. ಕೆಲವೇ ರೂಪಾಯಿಗಳನ್ನು ಕೊಡಬಲ್ಲ ಕೂಲಿಗಾರನು ಹಳೆಯದರಲ್ಲಿಯೇ ಹೋದನು. ಮಂಗಳೂರಿನ ಯೋಜಕರು ಕೊಚ್ಚಿಯಿಂದ ನಕಲು ಮಾಡಬೇಕಾದುದು ಮುಖ್ಯವಾಗಿ ಈ ವಿವೇಕವನ್ನು. ಬೆಂಗರೆಯ ಈಗಿನ ದೋಣಿಗಳನ್ನು ಪೈಪೋಟಿಯೆಂದು ಭಾವಿಸಿ ಹೊಸ ನಿಲ್ದಾಣದಿಂದ ದೂರವಿಟ್ಟರೆ, ಹತ್ತು ನಿಮಿಷದ ಹೊಳೆಗೆ ಒಂದು ದಿನದ ಕೂಲಿಯ ಗಣನೀಯ ಭಾಗವನ್ನು ತೆರಬೇಕಾದ ಬಡವನು ಹೊಸ ಏರ್ಪಾಡನ್ನು ಹರಸಲಾರನು.

ಮುಂಬಯಿಯ ವೃತ್ತಾಂತವು ಇದಕ್ಕಿಂತ ಬೇರೊಂದು ಪಾಠವನ್ನು ಹೇಳುತ್ತದೆ. ಗೇಟ್‌ವೇ ಆಫ್ ಇಂಡಿಯಾ ಬಳಿಯ ಹಳೆಯ ಕಟ್ಟೆಗಳಿಂದ ಎಲಿಫೆಂಟಾಕ್ಕೂ ಮಾಂಡ್ವಾಕ್ಕೂ ಹೋಗುವ ಜನಸಂದಣಿ ಅಪಾರ. 2024ರ ಡಿಸೆಂಬರ್ 18ರಂದು ಅಲ್ಲಿಂದ ಹೊರಟ ‘ನೀಲಕಮಲ’ ಎಂಬ ದೋಣಿಗೆ, ಯಂತ್ರಪರೀಕ್ಷೆ ಮಾಡುತ್ತಿದ್ದ ನೌಕಾದಳದ ವೇಗದ ದೋಣಿಯೊಂದು ಬಡಿದು 15 ಮಂದಿ ಪ್ರಾಣ ಕಳೆದುಕೊಂಡರು. ಆಗಲೂ ಪ್ರಯಾಣಿಕರ ಸಂಖ್ಯೆ ಪರವಾನಗಿಯನ್ನು ಮೀರಿತ್ತೆಂದು ಹೊರಬಿತ್ತು. ಸಮೀಪದ ರೇಡಿಯೋ ಕ್ಲಬ್ಬಿನ ಬಳಿ 229 ಕೋಟಿ ರೂಪಾಯಿಗಳ ಹೊಸ ದೋಣಿನಿಲ್ದಾಣಕ್ಕೆ 2025ರ ಮಾರ್ಚಿಯಲ್ಲಿ ಅಡಿಗಲ್ಲನ್ನಿಟ್ಟರು. ಕೊಲಾಬದ ನಿವಾಸಿಗಳು ನ್ಯಾಯಸ್ಥಾನವನ್ನು ಹೊಕ್ಕರು. ಮುಂಬಯಿ ಹೈಕೋರ್ಟಿನವರು 2025ರ ಜುಲೈ 15ರಂದು ಕಾಮಗಾರಿಗೆ ಅನುಮತಿಯಿತ್ತರಾದರೂ ಷರತ್ತುಗಳನ್ನು ವಿಧಿಸಿದರು. ನಕ್ಷೆಯಲ್ಲಿದ್ದ ಬಯಲು ರಂಗಮಂಟಪವು ದೋಣಿಗೆ ಕಾಯುವವರು ಕೂರುವ ಸ್ಥಳವಾಗಿ ಮಾತ್ರ ಉಪಯೋಗವಾಗಬೇಕು, ವಿನೋದಾವಳಿಗಳಿಗಲ್ಲ; ಉಪಾಹಾರಗೃಹವೆಂದು ಬರೆದಿದ್ದ ಕಡೆ ನೀರು ಮತ್ತು ಕಟ್ಟಿದ ತಿಂಡಿಗಳನ್ನು ಮಾತ್ರ ಮಾರತಕ್ಕದ್ದು, ಕುಳಿತು ಉಣ್ಣುವ ಏರ್ಪಾಡು ಕೂಡದು ಎಂದರು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನವರು ಈ ತೀರ್ಪಿನಲ್ಲಿ ಕೈಹಾಕಲು ನಿರಾಕರಿಸಿದರು.

ಈ ಷರತ್ತುಗಳ ಅರ್ಥವನ್ನು ನಮ್ಮ ಅಧಿಕಾರಿಗಳು ಗಮನಿಸಬೇಕು. ದೋಣಿನಿಲ್ದಾಣವೆಂದು ಹೆಸರಿಟ್ಟು ಅದರೊಳಗೆ ರಂಗಮಂಟಪವನ್ನೂ ಭೋಜನಾಲಯವನ್ನೂ ಸೇರಿಸಿದಾಗ, ಇದು ಪ್ರಯಾಣಿಕನಿಗೋ ಅಥವಾ ಪ್ರಯಾಣಿಕನ ಹೆಸರಿನಲ್ಲಿ ಮತ್ತೊಬ್ಬರಿಗೋ ಎಂದು ನ್ಯಾಯಾಧೀಶರು ಕೇಳುವ ಕಾಲ ಬಂದಿತು. ಮಂಗಳೂರಿನಲ್ಲಿ ಈ ಪ್ರಶ್ನೆಯನ್ನು ನ್ಯಾಯಸ್ಥಾನದವರೆಗೆ ಒಯ್ಯದೆ, ನಕ್ಷೆಯ ಕಾಗದದ ಮೇಲೆಯೇ ಪರಿಹರಿಸಿಕೊಳ್ಳುವುದು ಲೇಸು. ಬೆಂಗರೆ, ಬಜಾಲು, ಮರವೂರುಗಳ ಜನರನ್ನು ಕರೆದು, ನಿಮಗೆ ಮೊದಲ ದೋಣಿ ಎಷ್ಟು ಗಂಟೆಗೆ ಬೇಕು, ಕಡೆಯ ದೋಣಿ ಎಷ್ಟು ಗಂಟೆಗೆ ಬೇಕು ಎಂದು ಕೇಳಲು ಹೆಚ್ಚಿನ ವೆಚ್ಚವೇನೂ ತಗಲುವುದಿಲ್ಲ.

ದೋಣಿಗೆ ಬದಲಾಗಿ ಸೇತುವೆಯನ್ನೇ ಕಟ್ಟಬಾರದೆ ಎಂಬ ಆಕ್ಷೇಪವುಂಟು. ಕಟ್ಟಬೇಕಾದೆಡೆಯಲ್ಲಿ ಅವಶ್ಯವಾಗಿ ಕಟ್ಟಲಿ. ಆದರೆ ಸೇತುವೆ ಬರುವ ಪರ್ಯಂತ ದೋಣಿಯೇ ಗತಿಯೆಂಬುದನ್ನು ಶರಾವತಿಯ ಜನರನ್ನು ಕೇಳಿ ತಿಳಿಯಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ತುಂಬಿದ ಮೇಲೆ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳವರು ತಾಲ್ಲೂಕಿನ ಪೇಟೆಯಿಂದ ಬೇರೆಯಾದರು. ಅಂಬಾರಗೋಡ್ಲಿಗೂ ಕಳಸವಳ್ಳಿಗೂ ನಡುವೆ ಓಡುತ್ತಿದ್ದ ಲಾಂಚೇ ಅವರ ರಾಜಮಾರ್ಗವಾಯಿತು. ಸಂಜೆಯಾದರೆ ಲಾಂಚು ನಿಲ್ಲುತ್ತಿತ್ತು. ರಾತ್ರಿ ಹೆರಿಗೆಯ ನೋವು ಬಂದರೆ ದೇವರೇ ದಿಕ್ಕು. ನೀರು ಇಳಿದ ಬೇಸಗೆಯಲ್ಲಿ ವಾಹನಗಳನ್ನು ಹತ್ತಿಸುವುದಕ್ಕೂ ಆಗುತ್ತಿರಲಿಲ್ಲ. ನಾಡಿಗೆಲ್ಲ ದೀಪ ಹತ್ತಿಸಲೆಂದು ನೆಲ ಬಿಟ್ಟುಕೊಟ್ಟವರು ಸೇತುವೆಗಾಗಿ ಕಾದುದು ಆರು ದಶಕಗಳು. 2025ರ ಜುಲೈ 14ರಂದು 2.44 ಕಿಲೋಮೀಟರು ಉದ್ದದ ಸಿಗಂದೂರು ಸೇತುವೆ ತೆರೆಯಿತು. ಸೇತುವೆ ಬರುವುದೆಂಬ ಭರವಸೆಯ ನೆರಳಿನಲ್ಲಿ ದೋಣಿಯನ್ನು ಅಲಕ್ಷ್ಯಮಾಡಿದರೆ ಒಂದು ತಲೆಮಾರು ಕಳೆದುಹೋಗುತ್ತದೆ.

ಇನ್ನು ನಮ್ಮ ಊರುಗಳ ವಿಚಾರ. ನಂಜನಗೂಡಿನಲ್ಲಿ ಕಪಿಲೆಯ ಮೇಲೆ 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ ಸೇತುವೆಯನ್ನು ಎಲ್ಲರೂ ಬಲ್ಲರು. ಬಂಡಿಗಳಿಗಾಗಿ ಕಟ್ಟಿದ ಅದರ ಮೇಲೆ ಮುಂದೆ ರೈಲುಗಾಡಿಯೂ ಓಡಿತು. ಆ ಸೇತುವೆಯಿಂದ ಬೊಕ್ಕಸಕ್ಕೆ ಎಷ್ಟು ಲಾಭ ಬಂದಿತೆಂದು ಯಾರೂ ಲೆಕ್ಕ ಕೇಳಲಿಲ್ಲ. ಯಾತ್ರಿಕನೂ ರೈತನೂ ನಿರ್ಭಯವಾಗಿ ಹೊಳೆ ದಾಟಿದುದೇ ಲಾಭವೆಂದು ನಮ್ಮ ಹಿರಿಯರು ಎಣಿಸಿದರು. ದೋಣಿಸಂಚಾರವು ನಷ್ಟದ ಬಾಬೆಂದು ಹೇಳುವ ಇಂದಿನ ಲೆಕ್ಕಿಗರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಸೇತುವೆಯಿರುವ ಊರಿಗೂ ದೋಣಿಯ ಅಗತ್ಯ ಬರುತ್ತದೆ. 2018 ಮತ್ತು 2019ರ ಮಳೆಗಾಲಗಳಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ಹದಿನಾರು ಕಾಲಿನ ಮಂಟಪ ಮುಳುಗಿತು. ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆಯೇ ನೀರು ಹರಿದು ಮೈಸೂರಿನ ಸಂಚಾರ ನಿಂತಿತು. ಅಂಥ ದಿನಗಳಲ್ಲಿ ತಗ್ಗಿನ ಬೀದಿಗಳ ಜನರಿಗೆ ದೋಣಿಯೂ ಅದನ್ನು ನಡೆಸಬಲ್ಲ ಕೈಯೂ ಸಿದ್ಧವಾಗಿರಬೇಕು; ನೆರೆ ಬಂದಮೇಲೆ ಹುಡುಕತಕ್ಕದ್ದಲ್ಲ.

ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಕೂಡುತ್ತಾಳೆ. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಇನ್ನೊಂದು ದಡದಲ್ಲಿ ಅಗಸ್ತ್ಯೇಶ್ವರ, ನಡುವೆ ಹೊಳೆ. 1989ರಲ್ಲಿ ಆರಂಭವಾದ ಕುಂಭಮೇಳವು 2025ರ ಫೆಬ್ರವರಿ 10ರಿಂದ 12ರ ವರೆಗೆ ನಡೆದಾಗ ಲಕ್ಷಾಂತರ ಜನರು ನೆರೆದರು. ಮೇಳದ ದಿವಸಗಳಲ್ಲಿ ಪೊಲೀಸಿನವರು, ಈಜುಗಾರರು, ಬೇಲಿ, ದೀಪ ಎಲ್ಲವೂ ಸಿದ್ಧವಾಗುತ್ತವೆ. ಮೇಳ ಮುಗಿದ ಮರುವಾರ ಪಿಂಡಪ್ರದಾನಕ್ಕೋ ಸ್ನಾನಕ್ಕೋ ಬಂದ ನಾಲ್ಕು ಮಂದಿ ಹರಿಗೋಲನ್ನು ಹತ್ತಿದರೆ, ಅದರಲ್ಲಿ ಎಷ್ಟು ಮಂದಿ ಕೂರಬಹುದು, ಯಾರು ಅನುಮತಿಯಿತ್ತರು, ತೊಡಿಸುವ ಲೈಫ್ ಜಾಕೆಟ್ ಎಲ್ಲಿದೆ ಎಂದು ಕೇಳುವವರು ಯಾರು? ತಲಕಾಡಿನ ಮರಳಿನ ದಡದಲ್ಲಿಯೂ ಇದೇ ಪ್ರಶ್ನೆ. ಶಾಂತವಾಗಿ ಕಾಣುವ ಕಾವೇರಿಯ ಮಡುಗಳು ಹೊರಗಿನಿಂದ ಬಂದ ಎಷ್ಟೋ ತರುಣರನ್ನು ನುಂಗಿವೆಯೆಂಬುದನ್ನು ಆ ಸೀಮೆಯವರಿಗೆ ನಾವು ಹೇಳಬೇಕಾಗಿಲ್ಲ.

ಇದಕ್ಕೆ ಕಾನೂನಿಲ್ಲವೆಂದು ಅಧಿಕಾರಿಗಳು ಹೇಳುವಂತಿಲ್ಲ. 1917ರ ಹಳೆಯ ಶಾಸನವನ್ನು ತೆಗೆದು 2021ರಲ್ಲಿ ಪಾರ್ಲಿಮೆಂಟಿನವರು ಒಳನಾಡು ನೌಕೆಗಳ ಹೊಸ ಅಧಿನಿಯಮವನ್ನು ಮಾಡಿದರು. ಯಂತ್ರವಿಲ್ಲದ ದೋಣಿಗಳನ್ನು ಕೂಡ ಜಿಲ್ಲೆ, ತಾಲ್ಲೂಕು, ಪಂಚಾಯತಿಗಳ ಮಟ್ಟದಲ್ಲಿ ದಾಖಲೆಗೆ ತರುವುದಕ್ಕೆ ಅದರಲ್ಲಿ ಅವಕಾಶವಿದೆ. ಹುಟ್ಟು ಹಾಕಿ ನಡೆಸುವ ಸಣ್ಣ ಹರಿಗೋಲಿಗೂ ಒಂದು ಸಂಖ್ಯೆ, ಒಂದು ಮಿತಿ, ಒಬ್ಬ ಹೊಣೆಗಾರ ಇರಬೇಕೆಂಬುದು ಇದರ ಸಾರ. ಇದನ್ನು ಅಂಬಿಗರ ಮೇಲಿನ ದಂಡನೆಯನ್ನಾಗಿ ಮಾಡಬಾರದು. ತಲೆತಲಾಂತರದಿಂದ ಹೊಳೆಯ ಸುಳಿಗಳನ್ನು ಬಲ್ಲವರು ಅವರು. ಅಂಬಿಗರ ಚೌಡಯ್ಯನಂಥ ವಚನಕಾರನನ್ನು ನಾಡಿಗೆ ಕೊಟ್ಟ ಕಸುಬು ಅದು. ಅವರಿಗೆ ಪರವಾನಗಿಯೊಡನೆ ಒಳ್ಳೆಯ ದೋಣಿಯನ್ನೂ, ಜೀವರಕ್ಷಣೆಯ ಸಲಕರಣೆಗಳನ್ನೂ, ನಿಶ್ಚಿತವಾದ ದರವನ್ನೂ ಸರ್ಕಾರವೇ ಒದಗಿಸಿಕೊಟ್ಟರೆ ಮಿತಿಮೀರಿ ಜನರನ್ನು ಹತ್ತಿಸುವ ಆಸೆ ತಾನಾಗಿಯೇ ಕಡಮೆಯಾಗುವುದು.

ನಾವು ಕೇಳುವುದು ದೊಡ್ಡದೇನೂ ಅಲ್ಲ. ಮಂಗಳೂರಿನ ನಿಲ್ದಾಣಗಳಲ್ಲಿ ಮೊದಲು ತೆರೆಯತಕ್ಕವು ಬೆಂಗರೆಯಂಥ ದಿನದ ಪ್ರಯಾಣಿಕರ ದಡಗಳಾಗಲಿ. ಈಗಿನ ದೋಣಿಗಳು ನಿಲ್ಲದಿರಲಿ. ಅವುಗಳಿಗೂ ಹೊಸ ಕಟ್ಟೆಯಲ್ಲಿ ಸ್ಥಳ ಸಿಗಲಿ. ವಿದ್ಯಾರ್ಥಿಗಳಿಗೂ ಕೂಲಿಗಾರರಿಗೂ ತಿಂಗಳ ಪಾಸು ಬಸ್ಸಿನ ದರದಲ್ಲಿಯೇ ದೊರೆಯಲಿ. ದೋಣಿಯ ಮಿತಿಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಿಂದ ದೋಣಿಯ ಮೇಲೆಯೇ ಬರೆಯಲಿ. ಮೈಸೂರು ಜಿಲ್ಲೆಯ ಅಧಿಕಾರಿಗಳು ಮುಂದಿನ ಮಳೆಗಾಲಕ್ಕೆ ಮುಂಚೆ ನಂಜನಗೂಡು, ನರಸೀಪುರ, ತಲಕಾಡುಗಳ ಪ್ರತಿಯೊಂದು ದೋಣಿಯನ್ನೂ ಎಣಿಸಿ ಪಟ್ಟಿಮಾಡಲಿ. ಪ್ರತಿಯೊಂದು ಘಟ್ಟಕ್ಕೂ ಒಬ್ಬ ಹೊಣೆಗಾರನ ಹೆಸರನ್ನು ಫಲಕದ ಮೇಲೆ ಬರೆಸಲಿ. ಪಟ್ಟಣದ ಮಹಾಜನರೂ ಮಿತಿಮೀರಿದ ದೋಣಿಯನ್ನು ಹತ್ತದಿರುವ ಸಂಯಮವನ್ನು ತಮ್ಮ ಮನೆಯ ಮಕ್ಕಳಿಗೆ ಕಲಿಸಲಿ.

ಸಾವಿರ ಕೋಟಿಗಳ ಯೋಜನೆಗಳನ್ನು ಸಾರುವ ಸರ್ಕಾರಕ್ಕೆ ಇಷ್ಟನ್ನು ಮಾಡುವ ಶಕ್ತಿಯಿಲ್ಲವೆಂದು ನಾವು ನಂಬುವುದಿಲ್ಲ. ಕುಮರಕಂನಲ್ಲಿಯೂ, ಫೋರ್ಟ್ ಕೊಚ್ಚಿಯಲ್ಲಿಯೂ, ಮುಂಬಯಿಯಲ್ಲಿಯೂ ವಿಚಾರಣೆಗಳು ನಡೆದುದು ಜನರು ಮುಳುಗಿದ ಮೇಲೆ. ಕರ್ನಾಟಕದಲ್ಲಿಯಾದರೂ ವಿಚಾರಣೆಯು ದೋಣಿ ಹೊರಡುವುದಕ್ಕೆ ಮೊದಲೇ ನಡೆಯಲಿ ಎಂದು ಸಂಬಂಧಪಟ್ಟ ಅಧಿಕಾರಿಗಳನ್ನು ಪ್ರಾರ್ಥಿಸುತ್ತೇವೆ.